ಕಾಲು ಮುಂದಾಗಿ ಹುಟ್ಟಿದವಳ ಸೊಂಟ

ನಾನು ಕಾಲು ಮುಂದಾಗಿ ಹುಟ್ಟಿದವಳು. ನಮ್ಮ ಕಡೆ ಇದಕ್ಕೊಂದು ಬೆಲೆ ಇದೆ. ಯಾರಿಗಾದರೂ ಸೊಂಟ ಹಿಡಿದುಕೊಂಡರೆ ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಳ್ಳಬೇಕು, ಆಗ ಬಿಡುತ್ತದೆ ಅನ್ನುತ್ತಾರೆ. ಅರಸೀಕೆರೆಯ ನಮ್ಮ ಬೀದಿಗೆ ಆ ಕೆಲಸಕ್ಕೆ ಇದ್ದವಳು ನಾನೊಬ್ಬಳೇ. ಬೆಳಗ್ಗೆ ಹಲ್ಲುಜ್ಜುವ ಮೊದಲೇ ಯಾರಾದರೂ ಬಂದು ನಮ್ಮ ಜಗಲಿ ಮೇಲೆ ಬೋರಲು ಮಲಗುತ್ತಿದ್ದರು. ನಾನು ನಿದ್ದೆಗಣ್ಣಲ್ಲಿ ಎದ್ದು ಹೋಗಿ ಎಡಗಾಲಲ್ಲಿ ಮೂರು ಸಲ ಮೆಲ್ಲಗೆ ಒದೆಯಬೇಕು. ಎಂಟು ವರ್ಷದ ಹುಡುಗಿಗೆ ದೊಡ್ಡವರನ್ನು ಒದೆಯುವ ಅವಕಾಶ ಇನ್ನೆಲ್ಲಿ ಸಿಗುತ್ತದೆ ಹೇಳಿ? ಮೇಲೆ ಒಂದು ಬಾಳೆಹಣ್ಣು ಬೇರೆ.

ಒಂದೇ ತೊಂದರೆ ಇತ್ತು. ಎಡಗಾಲು ಎತ್ತಿದರೆ ಬಲಗಾಲ ಮೇಲೆ ನಿಲ್ಲಲು ಆಗುತ್ತಿರಲಿಲ್ಲ. ಜಗಲಿ ಕಂಬ ಹಿಡಿದುಕೊಳ್ಳುತ್ತಿದ್ದೆ. ಕುಂಟಾಬಿಲ್ಲೆ ಆಡುವಾಗಲೂ ಅಷ್ಟೇ, ಯಾವಾಗಲೂ ಎಡಗಾಲಲ್ಲೇ ಕುಂಟುವುದು. ಯಾರೂ ಅದನ್ನು ನೋಡಲಿಲ್ಲ. ನಾನೂ ಅದೊಂದು ವಿಷಯ ಅಂದುಕೊಳ್ಳಲಿಲ್ಲ.

ಊರವರ ಸೊಂಟ ಬಿಡಿಸಿದವಳ ಸೊಂಟವೇ ಹುಟ್ಟಿನಿಂದ ಸರಿ ಇರಲಿಲ್ಲ ಅಂತ ಗೊತ್ತಾಗಿದ್ದು ನನಗೆ 33 ವರ್ಷ ಆದಾಗ. 2021ರಲ್ಲಿ.

ನಾನು ಹಾಸನದಲ್ಲಿ ಹೈಸ್ಕೂಲ್ ಟೀಚರ್. ವಿಜ್ಞಾನ ಹೇಳಿಕೊಡುತ್ತೇನೆ. ದಿನಕ್ಕೆ ನಾಲ್ಕೈದು ಪೀರಿಯಡ್ ನಿಂತೇ ಇರಬೇಕು. ಮಗಳು ಹುಟ್ಟಿ ಒಂದು ವರ್ಷ ಆಗಿತ್ತು, 2017. ಮಧ್ಯಾಹ್ನದ ಹೊತ್ತಿಗೆ ಬಲಗಡೆ ತೊಡೆಸಂದಿನಲ್ಲಿ ಹಲ್ಲುನೋವಿನ ಹಾಗೆ ಒಂದು ನೋವು ಶುರುವಾಗುತ್ತಿತ್ತು. ಸಂಜೆ ಅಷ್ಟೊತ್ತಿಗೆ ಅದು ಪಿರ್ರೆಯ ಪಕ್ಕಕ್ಕೆ ಬಂದಿರುತ್ತಿತ್ತು. ಆಟೋದಿಂದ ಇಳಿಯುವಾಗ ಒಳಗೆಲ್ಲೋ ಟಕ್ ಅನ್ನುತ್ತಿತ್ತು. ರಾತ್ರಿ ಬಲ ಮಗ್ಗುಲಿಗೆ ಮಲಗುವ ಹಾಗಿಲ್ಲ. ಸೀರೆ ಉಟ್ಟರೆ ನೆರಿಗೆ ಒಂದು ಕಡೆ ಇಳಿದಿರುತ್ತಿತ್ತು. ಎಷ್ಟು ಸಲ ಸರಿ ಮಾಡಿಕೊಂಡರೂ ಅಷ್ಟೇ. ನನಗೆ ಸೀರೆ ಉಡಲು ಬರುವುದಿಲ್ಲ ಅಂತ ಸ್ಟಾಫ್ ರೂಮಿನಲ್ಲಿ ಎಲ್ಲರೂ ತೀರ್ಮಾನ ಮಾಡಿದ್ದರು.

ಅಮ್ಮನ ಪ್ರಕಾರ ಬಾಣಂತನ ಸರಿಯಾಗಿ ಆಗಲಿಲ್ಲ. "ಹಸಿ ಮೈಯಲ್ಲಿ ಬಟ್ಟೆ ಒಗೀಬೇಡ ಅಂತ ಬಡ್ಕೊಂಡೆ, ಕೇಳಿದ್ಯಾ?" ಮೊದಲು ನೋಡಿದ ಡಾಕ್ಟರ ಪ್ರಕಾರ ಬೆನ್ನುಮೂಳೆ. ಸ್ಕ್ಯಾನ್ ಮಾಡಿಸಿದರೆ ಒಂದು ಡಿಸ್ಕ್ ಸ್ವಲ್ಪ ಉಬ್ಬಿದೆ ಅಂತ ಬಂತು. ಮೂವತ್ತು ದಾಟಿದ ಎಷ್ಟೋ ಜನಕ್ಕೆ ನೋವಿಲ್ಲದಿದ್ದರೂ ಸ್ಕ್ಯಾನಿನಲ್ಲಿ ಹಾಗೆ ಕಾಣುತ್ತದೆ ಅಂತ ಆಮೇಲೆ ತಿಳಿಯಿತು. ಆಗ ಗೊತ್ತಿರಲಿಲ್ಲ. ಹತ್ತು ದಿನ ಟ್ರಾಕ್ಷನ್, ಬೆಲ್ಟು, ಮಾತ್ರೆ. ಎಣ್ಣೆ ಹಾಕಿ ತಿಕ್ಕಿಸಿದ್ದೂ ಆಯಿತು. ಮೂರು ವರ್ಷ ಹೀಗೇ ಹೋಯಿತು.

ಆಮೇಲೆ ಯೋಗ ಕ್ಲಾಸಿಗೆ ಸೇರಿದೆ. ಅಲ್ಲಿ ಆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಎರಡೂ ಅಂಗಾಲು ಜೋಡಿಸಿ ಬದ್ಧಕೋನಾಸನದಲ್ಲಿ ಕೂತರೆ ನನ್ನ ಎರಡೂ ಮಂಡಿ ನೆಲ ಮುಟ್ಟುತ್ತಿದ್ದವು. ಪಕ್ಕದವರೆಲ್ಲ ಒದ್ದಾಡುತ್ತಿದ್ದರೆ ನಾನು ಚಿಟ್ಟೆ ಹಾಗೆ ಹಾಯಾಗಿ ಕೂತಿರುತ್ತಿದ್ದೆ. "ನೋಡಿ, ಮೇಡಂ ಎಷ್ಟು ಚೆನ್ನಾಗಿ ಮಾಡ್ತಾರೆ" ಅಂತ ಗುರುಗಳು ಹೊಗಳುತ್ತಿದ್ದರು. ತೊಡೆಸಂದು ಬಿಗಿ ಅನ್ನಿಸುತ್ತದೆ ಅಂದಿದ್ದಕ್ಕೆ ಇನ್ನೂ ಎಳೆಯುವ ಆಸನಗಳನ್ನು ಹೇಳಿಕೊಟ್ಟರು. ಮಾಡಿದಾಗ ಹಿತ. ಮರುದಿನ ಮೆಟ್ಟಿಲು ಹತ್ತಲು ಕಾಲೇ ಎತ್ತಲಾಗದು. ಅಷ್ಟು ಸಡಿಲ ಇರುವ ಕೀಲಿನ ಮುಂದೆ ಸ್ನಾಯು ಯಾಕೆ ಬಿಗಿಯುತ್ತದೆ ಅನ್ನುವ ಪ್ರಶ್ನೆ ಗುರುಗಳಿಗೂ ಬರಲಿಲ್ಲ, ವಿಜ್ಞಾನದ ಟೀಚರಾದ ನನಗೂ ಬರಲಿಲ್ಲ.

ಕೊನೆಗೆ ಚಿಕ್ಕಪ್ಪನ ಮಗ ಬೆಂಗಳೂರಿನಲ್ಲಿ ಸೊಂಟದ ಕೀಲನ್ನೇ ನೋಡುವ ಒಬ್ಬ ಸರ್ಜನ್ ಹತ್ತಿರ ಕರೆದುಕೊಂಡು ಹೋದ. ಅವರು ಸ್ಕ್ಯಾನ್ ಕವರ್ ತೆಗೆಯಲೇ ಇಲ್ಲ. "ನೋವು ಎಲ್ಲಿ, ಕೈಯಲ್ಲಿ ತೋರಿಸಿ" ಅಂದರು. ನಾನು ಹೆಬ್ಬೆರಳು ಹಿಂದೆ, ಉಳಿದ ಬೆರಳು ಮುಂದೆ ಬರುವ ಹಾಗೆ ಸೊಂಟದ ಪಕ್ಕವನ್ನು ಬಾಚಿ ಹಿಡಿದು ತೋರಿಸಿದೆ. ಅವರು ನಕ್ಕರು. ಕೀಲಿನೊಳಗೆ ತೊಂದರೆ ಇರುವವರು ಹೀಗೇ ಹಿಡಿಯುತ್ತಾರಂತೆ. ಆಮೇಲೆ ಬಲಗಾಲ ಮೇಲೆ ನಿಲ್ಲಿ ಅಂದರು. ಹಿಂದಿನಿಂದ ಸೊಂಟದ ಎರಡೂ ಮೂಳೆ ಮೇಲೆ ಹೆಬ್ಬೆರಳು ಇಟ್ಟು ನೋಡಿದರು. ನನ್ನ ಎಡಗಡೆ ಸೊಂಟ ಕೆಳಕ್ಕೆ ಜಾರಿತು. ಕೈ ತಾನಾಗಿ ಗೋಡೆ ಹುಡುಕಿತು. ಜಗಲಿ ಕಂಬ ನೆನಪಾಯಿತು.

ನಿಂತುಕೊಂಡು ಎಕ್ಸ್‌ರೇ ತೆಗೆಸಿದರು. ಕಂಪ್ಯೂಟರಿನಲ್ಲಿ ತೊಡೆಮೂಳೆಯ ಗುಂಡಿನ ನಡುವಿನಿಂದ ನೆಟ್ಟಗೆ ಮೇಲಕ್ಕೆ ಒಂದು ಗೆರೆ ಎಳೆದರು. ಅದೇ ಬಿಂದುವಿನಿಂದ, ಆ ಗುಂಡು ಕೂರುವ ಸೊಂಟದ ಬಟ್ಟಲಿನ ಹೊರ ಅಂಚಿಗೆ ಇನ್ನೊಂದು ಗೆರೆ. ಎರಡರ ನಡುವಿನ ಕೋನ 25 ಡಿಗ್ರಿಗಿಂತ ಜಾಸ್ತಿ ಇದ್ದರೆ ಸರಿ, 20ಕ್ಕಿಂತ ಕಮ್ಮಿ ಆದರೆ ಡಿಸ್ಪ್ಲೇಸಿಯಾ, ಅಂದರೆ ಗುಂಡನ್ನು ಮುಚ್ಚುವಷ್ಟು ಬಟ್ಟಲಿಗೆ ಆಳ ಇಲ್ಲ. ನನ್ನದು ಬಲಗಡೆ 14, ಎಡಗಡೆ 21. ಸ್ವೀಡನ್ನಿನ ವೈಬರ್ಗ್ ಅನ್ನುವ ಡಾಕ್ಟರ್ 1939ರಲ್ಲಿ ಬರೆದ ಅಳತೆ ಇದು. ಮನೆಗೆ ಬಂದು ಎಕ್ಸ್‌ರೇ ಫಿಲ್ಮನ್ನು ಕಿಟಕಿ ಗಾಜಿಗೆ ಅಂಟಿಸಿ, ಜಾಮಿಟ್ರಿ ಬಾಕ್ಸಿನ ಕೋನಮಾಪಕ ಇಟ್ಟು ನಾನೂ ಅಳೆದೆ. 15 ಬಂತು. ಒಂದು ಡಿಗ್ರಿಗೆ ಜಗಳ ಆಡಬಾರದು ಅಂತ ಸುಮ್ಮನಾದೆ.

ಹೆಣ್ಣುಮಗು, ಚೊಚ್ಚಲು, ಕಾಲು ಮುಂದಾಗಿ ಹುಟ್ಟಿದ್ದು. ಮೂರೂ ಈ ತೊಂದರೆ ಬರುವ ಸಾಧ್ಯತೆ ಹೆಚ್ಚಿಸುವಂಥವು. ಅದರ ಮೇಲೆ ನಮ್ಮ ಮನೆಯಲ್ಲಿ ಎಳೆಗೂಸಿಗೆ ನೀರು ಹಾಕಿದ ಮೇಲೆ ಕಾಲು ನೆಟ್ಟಗೆ ಎಳೆದು ಹಳೇ ಸೀರೆ ತುಂಡಿನಲ್ಲಿ ಬಿಗಿಯಾಗಿ ಸುತ್ತುವುದು ರೂಢಿ. ಕಾಲು ಮಡಚಿ ಅಗಲಿಸಲು ಜಾಗ ಇಲ್ಲದ ಹಾಗೆ ಸುತ್ತಿದರೆ ಬಟ್ಟಲು ಆಳ ಆಗಲು ತೊಡಕು. ಆದರೆ ಅದೇ ಅಜ್ಜಿಯರು ಸ್ವಲ್ಪ ದೊಡ್ಡದಾದ ಮೇಲೆ ಮಗುವನ್ನು ಸೊಂಟದ ಮೇಲೆ ಕಾಲು ಅಗಲಿಸಿ ಕೂರಿಸಿಕೊಂಡು ಊರೆಲ್ಲ ತಿರುಗುತ್ತಿದ್ದರು. ಅದು ಕೀಲಿಗೆ ಒಳ್ಳೆಯದು. ಹಾಗಾಗಿ ಅಜ್ಜಿಯನ್ನು ಬೈಯಲು ನನಗೆ ಮನಸ್ಸಿಲ್ಲ.

ಇಲ್ಲಿಯವರೆಗೆ ಇದು ಮೂಳೆಯ ಕಥೆ. ನಾನೂ ಹಾಗೇ ಅಂದುಕೊಂಡಿದ್ದೆ. ಮೂಳೆ ಸರಿ ಮಾಡಿಸಿದರೆ ಮುಗಿಯಿತು ಅಂತ. ಎಂಆರ್‌ಐ ನೋಡಿದ ಸರ್ಜನ್ ಬೇರೆ ಮಾತು ಹೇಳಿದರು. ಬಟ್ಟಲಿನ ಅಂಚಿನಲ್ಲಿ ಕುಕ್ಕರ್ ಗ್ಯಾಸ್ಕೆಟ್ ತರಹ ಒಂದು ಸುತ್ತು ಇರುತ್ತದೆ, ಅದು ನನಗೆ ಊದಿ ಒಂದು ಕಡೆ ಹರಿದಿತ್ತು. ಪಿರ್ರೆಯ ಪಕ್ಕದ ಸ್ನಾಯು, ಗ್ಲೂಟಿಯಸ್ ಮೀಡಿಯಸ್, ಮೂಳೆಗೆ ಅಂಟುವ ಜಾಗದಲ್ಲಿ ಕೆರಳಿತ್ತು. ಕೀಲಿನ ಮುಂದೆ ಹಾದುಹೋಗಿ ಕಾಲನ್ನು ಮೇಲೆತ್ತುವ ಸ್ನಾಯು ಇಲಿಯೋಸೋಆಸ್ ಕೂಡ ಹಾಗೇ. ಇನ್ನೊಂದು ಪುಟ್ಟ ಸ್ನಾಯು ತೋರಿಸಿದರು. ಇಲಿಯೋಕ್ಯಾಪ್ಸುಲಾರಿಸ್. ಕೀಲಿನ ಚೀಲಕ್ಕೇ ಅಂಟಿಕೊಂಡಿರುತ್ತದೆ. ಬಟ್ಟಲು ಆಳ ಇರುವವರಲ್ಲಿ ಇದು ಸಣ್ಣದು. ಬಟ್ಟಲಿಗೆ ಆಳ ಇಲ್ಲದಿದ್ದರೆ ಇದು ದಪ್ಪ ಆಗಿರುತ್ತದೆ, ಯಾಕೆಂದರೆ ಗುಂಡು ಮುಂದಕ್ಕೆ ಜಾರದ ಹಾಗೆ ಹಿಡಿದುಕೊಳ್ಳುವ ಕೆಲಸ ಇದರ ತಲೆಗೆ ಬಿದ್ದಿರುತ್ತದೆ. ನನ್ನದು ದಪ್ಪ ಇತ್ತು. ಬೂದು ಬಣ್ಣದ ಚಿತ್ರದಲ್ಲಿ ಹೆಬ್ಬೆರಳಿನಷ್ಟು ಜಾಗ. ಹೆಸರೇ ಕೇಳಿರದ ಒಂದು ಸ್ನಾಯು ಮೂವತ್ತು ವರ್ಷ ನನಗಾಗಿ ದುಡಿದಿದೆ ಅಂದರೆ ಒಂಥರಾ ಆಯಿತು.

"ನಿಮ್ಮ ನೋವಿನಲ್ಲಿ ಸ್ನಾಯುವಿನ ಪಾಲು ದೊಡ್ಡದು. ಆಪರೇಷನ್ ಆಮೇಲೆ. ಮೊದಲು ಮೂರು ತಿಂಗಳು ಫಿಸಿಯೋ ಮಾಡಿ ಬನ್ನಿ" ಅಂದರು. ಡೆನ್ಮಾರ್ಕಿನಲ್ಲಿ ಡಿಸ್ಪ್ಲೇಸಿಯಾ ಇರುವ 100 ಜನರನ್ನು ಪರೀಕ್ಷೆ ಮಾಡಿ 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ಅದರಲ್ಲಿ 56 ಜನಕ್ಕೆ ಇಲಿಯೋಸೋಆಸ್ ನೋವು, 42 ಜನಕ್ಕೆ ಪಕ್ಕದ ಸ್ನಾಯುಗಳ ನೋವು ಇತ್ತು. ಅದನ್ನು ಓದಿದ ಮೇಲೆ, ನಾನು ನಾಲ್ಕು ವರ್ಷ ಸುಮ್ಮನೆ ನರಳಿದವಳಲ್ಲ ಅಂತ ಒಂದು ಸಮಾಧಾನ. ಮನೆಯಲ್ಲಿ ಕೆಲವರಿಗೆ ಆ ಅನುಮಾನ ಇತ್ತು. ಹೆಸರು ಬೇಡ.

ಫಿಸಿಯೋ ಹಾಸನದಲ್ಲೇ ಸಿಕ್ಕಳು. ಧಾರವಾಡ ಕಡೆಯ ಹುಡುಗಿ, ನನಗಿಂತ ಎಂಟು ವರ್ಷ ಚಿಕ್ಕವಳು. ಮೊದಲ ದಿನ ಮಲಗಿಸಿ ತೊಡೆಸಂದಿನ ಹತ್ತಿರ ಬೆರಳು ಊರಿ, ಮಂಡಿ ಎತ್ತಿ ಅಂದಳು. ಕಣ್ಣಲ್ಲಿ ನೀರು ಬಂತು. ನಾನು ದಿನಾ ಯಾವ ಆಸನ ಮಾಡುತ್ತೇನೆ ಅಂತ ಕೇಳಿದಳು. ಹೇಳಿದೆ.

"ಎಲ್ಲಾ ಬಿಡ್ರಿ. ಅದು ಬಿಗಿ ಆಗಿಲ್ರಿ ಮೇಡಂ, ದಣದೈತಿ. ದಣದ ಎತ್ತಿಗೆ ಹಗ್ಗಾ ಹಾಕಿ ಜಗ್ಗಿದ್ರ ಏಳತೈತೇನ್ರಿ?"

ನಾಲ್ಕು ವರ್ಷದಲ್ಲಿ ಕೇಳಿದ ಮಾತುಗಳಲ್ಲಿ ನನಗೆ ಅರ್ಥ ಆದದ್ದು ಇದೊಂದೇ.

ಆ ಭಾನುವಾರ ಅರಸೀಕೆರೆಗೆ ಹೋಗಿದ್ದಾಗ ಅಮ್ಮನಿಗೆ ಇದನ್ನೆಲ್ಲ ಹೇಗೆ ಹೇಳುವುದು ಅಂತ ಯೋಚಿಸುತ್ತಾ ಕೂತಿದ್ದೆ. ಬಚ್ಚಲ ಪಕ್ಕ ಹಳೇ ಒರಳು ಇತ್ತು. ತೊಡೆಮೂಳೆಯ ತುದಿ ಈ ರುಬ್ಬುಗುಂಡಿನ ಹಾಗೆ, ಸೊಂಟದ ಬಟ್ಟಲು ಒರಳಿನ ಗುಳಿ ಹಾಗೆ, ನನ್ನ ಗುಳಿ ಆಳ ಇಲ್ಲ ಅಂದೆ. ಅಮ್ಮ ಸ್ವಲ್ಪ ಹೊತ್ತು ಒರಳನ್ನೇ ನೋಡಿದರು.

"ನಮ್ಮತ್ತೆ ಮನೇಲಿ ಅಂಥದೊಂದಿತ್ತು. ಸವೆದು ಸವೆದು ಅಂಚೆಲ್ಲ ಹೋಗಿತ್ತು. ಉದ್ದಿನಬೇಳೆ ರುಬ್ಬಕ್ಕೆ ಕೂತ್ರೆ ಗುಂಡು ಆಚೆ ಓಡೋದು. ಹಿಡ್ಕೊಂಡು ಹಿಡ್ಕೊಂಡು ರಟ್ಟೆ ಬಿದ್ದೋಗೋದು. ಕಲ್ಲಿಗೇನು ನೋವಾ?" ಅಂದರು. ಆಮೇಲೆ ನನ್ನ ಕಾಲು ನೋಡಿ, "ಹಂಗಾದ್ರೆ ನಿನ್ನ ರಟ್ಟೆ ನೋಯ್ತಿರೋದು, ಅಲ್ವಾ?" ಅಂದರು. ಬಾಣಂತನದ ಮಾತು ಅವತ್ತಿಗೆ ನಿಂತಿತು.

ಮೂರು ತಿಂಗಳ ವ್ಯಾಯಾಮ ನೋಡಲು ಏನೂ ಅಲ್ಲ. ಗೋಡೆಗೆ ಬೆನ್ನು ಹಚ್ಚಿ ಎಡ ಮಗ್ಗುಲಿಗೆ ಮಲಗಬೇಕು. ಬಲ ಹಿಮ್ಮಡಿಯನ್ನು ಗೋಡೆಗೆ ತಾಗಿಸಿಕೊಂಡೇ ಕಾಲನ್ನು ಒಂದು ಗೇಣು ಮೇಲೆ ಜಾರಿಸಬೇಕು. ಅಷ್ಟೇ. ನಾನು ಮೊದಲ ಸಲ ಎರಡು ಗೇಣು ಎತ್ತಿ ಬೀಗಿದೆ. ಅವಳು ನನ್ನ ಸೊಂಟದ ಮುಂದೆ, ಪ್ಯಾಂಟಿನ ಜೇಬು ಬರುವ ಜಾಗದಲ್ಲಿ ಬೆರಳಿಟ್ಟಳು. ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಎತ್ತುತ್ತಿದ್ದದ್ದು ಮುಂದಿನ ಟಿಎಫ್‌ಎಲ್ ಅನ್ನುವ ಸ್ನಾಯು. ಹಿಂದೆ ಪಿರ್ರೆಯ ಮೇಲೆ ನನ್ನದೇ ಕೈ ಇಡಿಸಿದಳು. ಅಲ್ಲಿ ಮೆತ್ತಗೆ, ನೆನೆದ ಅವಲಕ್ಕಿ ಹಾಗೆ. ಮೀಡಿಯಸ್ ಕೆಲಸವನ್ನು ಪಕ್ಕದವನಿಗೆ ವಹಿಸಿ ಕೂತಿತ್ತು. ಸೋಮಾರಿತನ ಅಲ್ಲ, ಸುಸ್ತು. ಹಿಮ್ಮಡಿ ಗೋಡೆ ಬಿಡದ ಹಾಗೆ, ಕಾಲ್ಬೆರಳು ಮೇಲೆ ತಿರುಗದ ಹಾಗೆ ಎತ್ತಿದರೆ ಮಾತ್ರ ಅದು ಎದ್ದೇಳುತ್ತದೆ. ಹಾಗೆ ನನ್ನಿಂದ ಆಗಿದ್ದು ಆರು ಸಲ. ಆರನೆಯದಕ್ಕೆ ಕಾಲು ನಡುಗುತ್ತಿತ್ತು. ದಿನಾ ಹೊಲಗದ್ದೆ ಸುತ್ತಿದವರ ವಂಶ ನಮ್ಮದು, ಒಂದು ಗೇಣಿಗೆ ಬೆವರಿದೆ.

ಮೂರು ತಿಂಗಳಲ್ಲಿ ಪಕ್ಕದ ನೋವು ಅರ್ಧ ಇಳಿಯಿತು. ತೊಡೆಸಂದಿನದು ಇಳಿಯಲಿಲ್ಲ. ಎಷ್ಟೇ ಕಸರತ್ತು ಮಾಡಿದರೂ 14 ಡಿಗ್ರಿ 14 ಡಿಗ್ರಿಯೇ ಅಲ್ವಾ? ಕೀಲಿನಲ್ಲಿ ಮೂಳೆಗಳನ್ನು ಮುಚ್ಚಿರುವ ನುಣುಪು ಪದರ, ಮೃದ್ವಸ್ಥಿ, ಇನ್ನೂ ಚೆನ್ನಾಗಿತ್ತು. ಅದು ಸವೆದುಹೋಗಿದ್ದರೆ ಕೀಲು ಬದಲಿಸುವುದು ಬಿಟ್ಟು ಹೆಚ್ಚಿನ ದಾರಿ ಇರುತ್ತಿರಲಿಲ್ಲ. 2022ರ ಫೆಬ್ರವರಿಯಲ್ಲಿ ಆಪರೇಷನ್ ಅಂತ ತೀರ್ಮಾನ ಆಯಿತು. ಹೆಸರು ಪಿಎಒ, ಪೂರ್ತಿ ಹೇಳಿದರೆ ಪೆರಿಅಸಿಟ್ಯಾಬುಲರ್ ಆಸ್ಟಿಯಾಟಮಿ. ಸ್ವಿಟ್ಜರ್ಲೆಂಡಿನ ಬರ್ನ್ ಊರಿನಲ್ಲಿ ರೈನ್‌ಹೋಲ್ಡ್ ಗಾಂಜ್ ಮತ್ತು ಜೊತೆಯವರು 1984ರಲ್ಲಿ ಶುರುಮಾಡಿದ್ದು. ಬಟ್ಟಲಿನ ಸುತ್ತಲಿನ ಮೂಳೆಯನ್ನು ಕತ್ತರಿಸಿ ಬಿಡಿಸಿ, ಬಟ್ಟಲನ್ನು ಗುಂಡಿನ ಮೇಲೆ ಮುಚ್ಚುವ ಹಾಗೆ ತಿರುಗಿಸಿ, ಸ್ಕ್ರೂ ಹಾಕುತ್ತಾರೆ. ಹಿಂದಿನ ಕಂಬದಂಥ ಮೂಳೆಯನ್ನು ಮುರಿಯದೆ ಉಳಿಸುವುದು ಇದರ ಜಾಣತನ. ದೊಡ್ಡ ಸ್ನಾಯುಗಳನ್ನು ಮೂಳೆಯಿಂದ ಕೀಳದೆ ಆದಷ್ಟು ಸಂದಿಯಿಂದ ಹೋಗುತ್ತೇನೆ ಅಂತ ಸರ್ಜನ್ ಹೇಳಿದರು. ಇನ್ಶೂರೆನ್ಸ್ ಕಂಪನಿ ಮಾತ್ರ ಹುಟ್ಟಿನಿಂದ ಬಂದ ತೊಂದರೆ ಅಂತ ತಕರಾರು ತೆಗೆಯಿತು. ಮೂರು ಪತ್ರ, ಹನ್ನೊಂದು ಫೋನು, ಕೊನೆಗೆ ಅರ್ಧ ದುಡ್ಡು. ಅದರ ಬಗ್ಗೆ ಬರೆದರೆ ಬಿಪಿ ಏರುತ್ತದೆ.

ಆಪರೇಷನ್ ದಿನದ್ದು ನನಗೆ ಗೊತ್ತಿಲ್ಲ, ಮಲಗಿದ್ದೆ. ಎದ್ದಾಗ ಮೂರು ಸ್ಕ್ರೂ, 30 ಡಿಗ್ರಿ.

ಮರುದಿನದ್ದು ಚೆನ್ನಾಗಿ ನೆನಪಿದೆ. ಕಾಲನ್ನು ಮಂಚದ ಮೇಲಿಂದ ಪಕ್ಕಕ್ಕೆ ಸರಿಸಿ ಅಂದರು. ಮನಸ್ಸಿನಲ್ಲಿ ಸರಿಸಿದೆ. ಕಾಲು ಅಲ್ಲೇ ಇತ್ತು. ಬೇರೆ ಯಾರದೋ ಕಾಲನ್ನು ನನ್ನ ಪಕ್ಕ ಮಲಗಿಸಿದ ಹಾಗೆ. ಗಂಡ ನನ್ನ ದುಪ್ಪಟ್ಟಾವನ್ನು ಪಾದಕ್ಕೆ ಸುತ್ತಿ ಎರಡು ತುದಿ ನನ್ನ ಕೈಗೆ ಕೊಟ್ಟರು. ಬಾವಿಯಿಂದ ಕೊಡ ಎತ್ತುವ ಹಾಗೆ ಕಾಲನ್ನು ಎತ್ತಿ ಕೆಳಗಿಟ್ಟೆ. ಐದು ವಾರ ಆ ಹಸಿರು ದುಪ್ಪಟ್ಟಾ ನನ್ನ ಇಲಿಯೋಸೋಆಸ್ ಆಗಿತ್ತು.

ಎಂಟು ವಾರ ಊರುಗೋಲು. ಬಲಗಾಲ ಮೇಲೆ 10 ಕೆಜಿಗಿಂತ ಜಾಸ್ತಿ ಭಾರ ಬೀಳುವ ಹಾಗಿಲ್ಲ. 10 ಕೆಜಿ ಅಂದರೆ ಎಷ್ಟು ಅಂತ ಕಾಲಿಗೆ ಹೇಗೆ ಗೊತ್ತಾಗಬೇಕು? ತೂಕದ ಯಂತ್ರದ ಮೇಲೆ ಬಲಗಾಲು, ಪಕ್ಕದಲ್ಲಿ ಅದರಷ್ಟೇ ಎತ್ತರದ ಪುಸ್ತಕಗಳ ಮೇಲೆ ಎಡಗಾಲು ಇಟ್ಟು ಅಭ್ಯಾಸ ಮಾಡಿದೆ. ಆರು ವರ್ಷದ ಮಗಳು ಬಗ್ಗಿ ಕೂತು "ಏಳು... ಒಂಬತ್ತು... ಅಮ್ಮಾ ಹದಿನಾಲ್ಕು!" ಅಂತ ಕೂಗುತ್ತಿದ್ದಳು. ತೊಡೆಯ ಮುಂಭಾಗದಲ್ಲಿ ಅಂಗೈ ಅಗಲದ ಜಾಗ ಜೋಮು ಹಿಡಿದದ್ದು ಇನ್ನೂ ಬಿಟ್ಟಿಲ್ಲ. ಅಲ್ಲೊಂದು ಚರ್ಮದ ನರ ಹಾದುಹೋಗುತ್ತದೆ, ಈ ಆಪರೇಷನ್ನಿನಲ್ಲಿ ಅದಕ್ಕೆ ಪೆಟ್ಟಾಗುವುದು ಸಾಮಾನ್ಯ. ಸೊಳ್ಳೆ ಕಚ್ಚಿದರೆ ಅಲ್ಲಿ ಗೊತ್ತಾಗುವುದಿಲ್ಲ. ಒಂದು ಲಾಭ.

ಜೂನಿನಲ್ಲಿ ಶಾಲೆಗೆ ಹೋದೆ. ಒಂದು ಕೋಲು, ಎಡಗೈಯಲ್ಲಿ. ಗೇಟಿನಲ್ಲೇ ಪಿಟಿ ಮೇಷ್ಟ್ರು ತಡೆದರು. "ಮೇಡಂ, ಆಪರೇಷನ್ ಆಗಿರೋದು ಬಲಗಡೆ, ಕೋಲು ತಪ್ಪು ಕೈಲಿ ಹಿಡಿದಿದೀರಲ್ಲ." ಅವತ್ತು ಅಂಥವರು ಒಟ್ಟು ಐದು ಜನ ಸಿಕ್ಕರು. ಆರನೆಯದು ಒಂಬತ್ತನೇ ಕ್ಲಾಸಿನ ಹುಡುಗ. ಅವನಿಗೆ ಬೋರ್ಡಿನ ಮೇಲೆ ಉತ್ತರ ಕೊಟ್ಟೆ.

ಸನ್ನೆಯ ಪಾಠ ಎಲ್ಲರಿಗೂ ಗೊತ್ತಲ್ಲ, ಏರುಪೇರು ಹಲಗೆ. ಒಂಟಿ ಕಾಲಲ್ಲಿ ನಿಂತಾಗ ಸೊಂಟವೂ ಒಂದು ಸನ್ನೆ. ತೊಡೆಮೂಳೆಯ ಗುಂಡು ಆಧಾರ. ಒಳಗಡೆ ಮೈಭಾರ (ನಿಂತ ಕಾಲಿನ ತೂಕ ಬಿಟ್ಟು), ಹೊರಗಡೆ ಪಿರ್ರೆಯ ಪಕ್ಕದ ಸ್ನಾಯು. ಮೈಭಾರದ ಕಡೆಯ ತೋಳು ಉದ್ದ, ಸ್ನಾಯುವಿನ ತೋಳು ಗಿಡ್ಡ. ಹೆಚ್ಚುಕಮ್ಮಿ ಎರಡು ಪಟ್ಟು ವ್ಯತ್ಯಾಸ. ಅಂದರೆ ಸೊಂಟ ಜಾರದ ಹಾಗೆ ನಿಲ್ಲಬೇಕಾದರೆ ಸ್ನಾಯು ಮೈಭಾರದ ಎರಡರಷ್ಟು ಬಲ ಹಾಕಬೇಕು. ಭಾರ, ಬಲ ಎರಡೂ ಗುಂಡಿನ ಮೇಲೇ ಬೀಳುತ್ತವೆ. 60 ಕೆಜಿಯ ನಾನು ಸುಮ್ನೆ ನಡೆದರೂ ಕೀಲಿನ ಮೇಲೆ ಸುಮಾರು 150 ಕೆಜಿ. ಡಿಸ್ಪ್ಲೇಸಿಯಾದಲ್ಲಿ ಗುಂಡು ಹೊರಕ್ಕೆ ಸರಿದಿರುತ್ತದೆ. ಆಗ ಸ್ನಾಯುವಿನ ತೋಳು ಇನ್ನೂ ಗಿಡ್ಡ, ಭಾರದ ತೋಳು ಇನ್ನೂ ಉದ್ದ. ಕೂಲಿ ಅಷ್ಟೇ, ಕೆಲಸ ಜಾಸ್ತಿ. ಎದುರು ಕೈಯಲ್ಲಿ ಕೋಲು ಊರಿದರೆ ಅದು ಆಧಾರದಿಂದ ದೂರ ಇರುತ್ತದೆ, ತೋಳು ಉದ್ದ. ಸ್ವಲ್ಪ ಊರಿದರೂ ಸ್ನಾಯುವಿಗೆ ದೊಡ್ಡ ಸಹಾಯ. ನೋವಿರುವ ಕಡೆಯ ಕೈಯಲ್ಲೇ ಹಿಡಿದರೆ ಆ ಲಾಭ ಇಲ್ಲ. ಸ್ಕೇಲು, ಡಸ್ಟರು, ಎರಡು ಸೀಮೆಸುಣ್ಣದ ಡಬ್ಬಿ ಇಟ್ಟು ತೋರಿಸಿದೆ. ಹುಡುಗ ಒಪ್ಪಿದ. ಪಿಟಿ ಮೇಷ್ಟ್ರು ಇವತ್ತಿಗೂ ಒಪ್ಪಿಲ್ಲ.

ಆರು ತಿಂಗಳಿಗೆ ಎಕ್ಸ್‌ರೇ. ಮೂಳೆ ಚೆನ್ನಾಗಿ ಕೂಡಿದೆ, ಭೇಷ್ ಅಂದರು ಸರ್ಜನ್. ನಾನು ಆ ಕೋಣೆಯಿಂದ ವಾಲಾಡುತ್ತಲೇ ಹೊರಗೆ ಬಂದೆ. ಕಾರಿಡಾರಿನ ಗಾಜಿನಲ್ಲಿ ನನ್ನನ್ನು ನೋಡಿಕೊಂಡೆ. ಪ್ರತಿ ಹೆಜ್ಜೆಗೂ ಮೈ ಬಲಕ್ಕೆ ಬೀಳುತ್ತಿತ್ತು. ಇಷ್ಟೆಲ್ಲ ಮಾಡಿಸಿಕೊಂಡು ಇದೇನಾ ಅನ್ನಿಸಿ ಹಾಸನದವರೆಗೆ ರೈಲಿನಲ್ಲಿ ಯಾರ ಹತ್ತಿರವೂ ಮಾತಾಡಲಿಲ್ಲ.

ಫಿಸಿಯೋಗೆ ಆಶ್ಚರ್ಯ ಆಗಲಿಲ್ಲ. "ಮೂಳಿ ಡಾಕ್ಟರ್ ಕೂಡಿಸ್ಯಾರ. ಸ್ನಾಯು ನೀವ ಕಟ್ಟಬೇಕ್ರಿ" ಅಂದಳು. ಅಂಗೈಯಲ್ಲಿ ಹಿಡಿಯುವ ಒಂದು ಮೀಟರಿಗೆ ಕಾಲನ್ನು ಪಕ್ಕಕ್ಕೆ ಒತ್ತಿಸಿ ಅಳೆದಳು. ಎಡಗಡೆ 14 ಕೆಜಿ, ಬಲಗಡೆ 8. ಟೇಪಿನಲ್ಲಿ ಬಲ ತೊಡೆ ಎರಡೂವರೆ ಸೆಂಟಿಮೀಟರ್ ಸಣ್ಣ.

ಆ ಹೊತ್ತಿಗೆ ನಾನು ಓದಿದ್ದರಲ್ಲಿ ಒಂದು ಸಂಗತಿ ಮನಸ್ಸಿನಲ್ಲಿ ನಿಂತಿತು. ಒಂಟಿ ಕಾಲಲ್ಲಿ ನಿಲ್ಲಿಸಿ ನೋಡುವ ಆ ಪರೀಕ್ಷೆಗೆ ಟ್ರೆಂಡೆಲೆನ್‌ಬರ್ಗ್ ಅನ್ನುವ ಜರ್ಮನ್ ಸರ್ಜನ್ ಹೆಸರಿದೆ. 1895ರಲ್ಲಿ ಬರೆದದ್ದು. ಹುಟ್ಟಿನಿಂದ ಸೊಂಟದ ಕೀಲು ತಪ್ಪಿದವರು ಬಾತುಕೋಳಿ ಹಾಗೆ ನಡೆಯುವುದು ಗುಂಡು ಮೇಲೆ ಕೆಳಗೆ ಜಾರುವುದರಿಂದ ಅಂತ ಆಗ ನಂಬಿದ್ದರಂತೆ. ಟ್ರೆಂಡೆಲೆನ್‌ಬರ್ಗ್ ರೋಗಿಗಳ ಬೆನ್ನ ಹಿಂದೆ ನಿಂತು ನೋಡಿ, ಹಾಗಲ್ಲ, ಪಕ್ಕದ ಸ್ನಾಯು ಸೊಂಟವನ್ನು ಎತ್ತಿಹಿಡಿಯಲು ಸಾಲದೆ ಹೀಗಾಗುತ್ತದೆ ಅಂತ ತೋರಿಸಿದರು. ನನ್ನ ಎಕ್ಸ್‌ರೇ ಸರಿಯಾಗಿ, ನಡಿಗೆ ಸರಿಯಾಗದೇ ಇದ್ದದ್ದಕ್ಕೆ ಉತ್ತರ ನೂರಿಪ್ಪತ್ತು ವರ್ಷದ ಹಿಂದೆಯೇ ಇತ್ತು. ಡೆನ್ಮಾರ್ಕಿನವರು ತಮ್ಮ ರೋಗಿಗಳನ್ನು ಆಪರೇಷನ್ ಆಗಿ ಒಂದು ವರ್ಷದ ಮೇಲೆ ಮತ್ತೆ ನೋಡಿದಾಗಲೂ ಹಾಗೇ. ಸ್ನಾಯು ನೋವು ಎಷ್ಟೋ ಜನಕ್ಕೆ ಇಳಿದಿತ್ತು, ಎಲ್ಲರಿಗೂ ಅಲ್ಲ.

ಹಾಗಾಗಿ ಮತ್ತೆ ಗೋಡೆ, ಹಿಮ್ಮಡಿ, ಒಂದು ಗೇಣು. ಆಮೇಲೆ ಮಂಡಿಗೆ ರಬ್ಬರ್ ಪಟ್ಟಿ ಹಾಕಿ ಅಡಿಗೆಮನೆಯಲ್ಲಿ ಏಡಿ ಹಾಗೆ ಅಡ್ಡಡ್ಡ ನಡೆಯುವುದು. ಒಗ್ಗರಣೆಗೆ ಎಣ್ಣೆ ಕಾಯುವಷ್ಟರಲ್ಲಿ ಎರಡು ಸುತ್ತು. ಮೆಟ್ಟಿಲ ಅಂಚಿನಲ್ಲಿ ಬಲಗಾಲಲ್ಲಿ ನಿಂತು ಎಡಗಡೆ ಸೊಂಟವನ್ನು ಇಳಿಸಿ ಎತ್ತುವುದು. ಮಗಳು ಹಿಂದಿನಿಂದ ಮೊಬೈಲಿನಲ್ಲಿ ವಿಡಿಯೋ ತೆಗೆದು ವರದಿ ಕೊಡುತ್ತಿದ್ದಳು. "ಅಮ್ಮ, ಇವತ್ತು ಬಾತುಕೋಳಿ ಕಮ್ಮಿ." "ಇವತ್ತು ಫುಲ್ ಬಾತುಕೋಳಿ." ಒಂದು ವರ್ಷಕ್ಕೆ 8 ಹೋಗಿ 11 ಆಯಿತು. ಆಮೇಲೆ ಮೂರು ತಿಂಗಳು 11ರಲ್ಲೇ ನಿಂತಿತು. ಬೇಜಾರಾಗಿ ಹದಿನೈದು ದಿನ ಬಿಟ್ಟೆ. ಹತ್ತಕ್ಕೆ ಇಳಿಯಿತು. ಬ್ಯಾಂಕಿನ ಎಫ್‌ಡಿ ಕೂಡ ಇಷ್ಟು ನಿಷ್ಠುರ ಅಲ್ಲ.

2023ರಲ್ಲಿ ಹಾಸನಾಂಬ ಬಾಗಿಲು ತೆಗೆದಾಗ ಇನ್ನೊಂದು ಎಡವಟ್ಟು. ದೀಪಾವಳಿ ಹೊತ್ತಿನಲ್ಲಿ ವರ್ಷಕ್ಕೆ ಒಂದೇ ಸಲ ತೆಗೆಯುವ ಗುಡಿ. ಎರಡು ವರ್ಷ ಹೋಗಿರಲಿಲ್ಲ. ಹುಮ್ಮಸ್ಸಿನಲ್ಲಿ ಧರ್ಮದರ್ಶನದ ಸಾಲಿಗೇ ನಿಂತೆ. ನಾಲ್ಕು ಗಂಟೆ. ನಡೆಯುವುದಕ್ಕಿಂತ ನಿಲ್ಲುವುದು ಕಷ್ಟ ಅಂತ ಆಗ ಗೊತ್ತಾಯಿತು. ಮರುದಿನ ತೊಡೆಸಂದು ಹಳೇ ಹಾಗೇ ಹಲ್ಲುನೋವು. ಸ್ಕ್ರೂ ಸಡಿಲಾಗಿದೆ ಅಂತ ರಾತ್ರಿಯಿಡೀ ನಿದ್ದೆ ಇಲ್ಲ. ಫಿಸಿಯೋ ಒತ್ತಿ ನೋಡಿ ಇಲಿಯೋಸೋಆಸ್ ಅಷ್ಟೇ ಅಂದಳು. ಪೂರ್ತಿ ಬಿಡಬೇಡಿ, ನಾಲ್ಕು ದಿನ ಅರ್ಧ ಮಾಡಿ ಅಂದಳು. ಐದನೇ ದಿನಕ್ಕೆ ಇಳಿಯಿತು. ಮೊದಲಾಗಿದ್ದರೆ ಒಂದು ತಿಂಗಳು ಮಲಗಿ, ಇದ್ದ ಬಲವನ್ನೂ ಕಳೆದುಕೊಳ್ಳುತ್ತಿದ್ದೆ.

ಅದೇ ವರ್ಷ ತಂಗಿಗೆ ಹೆಣ್ಣುಮಗು ಆಯಿತು. ಮನೆಯಲ್ಲಿ ಇನ್ನೊಬ್ಬರಿಗೆ ಇದ್ದರೆ ಮಗುವನ್ನು ನೋಡಿಸಬೇಕು ಅಂತ ಹಟ ಹಿಡಿದು ಆರು ವಾರಕ್ಕೆ ಸೊಂಟದ ಸ್ಕ್ಯಾನ್ ಮಾಡಿಸಿದೆ. ಎಳೆಗೂಸಿನ ಕೀಲು ಇನ್ನೂ ಮೆತ್ತಗಿರುವುದರಿಂದ ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣುವುದಿಲ್ಲ, ಅಲ್ಟ್ರಾಸೌಂಡ್ ಬೇಕು. ಸರಿ ಇದೆ ಅಂತ ಬಂತು. ನೀರು ಹಾಕಲು ಬರುತ್ತಿದ್ದ ಅಜ್ಜಿಗೆ ಮಾತ್ರ ನನ್ನ ಮೇಲೆ ಸಿಟ್ಟು. "ಕಾಲು ಬಿಟ್ಟು ಸುತ್ತಿದ್ರೆ ಸೊಟ್ಟ ಆಗಲ್ವೇನವ್ವ?" ಕೊನೆಗೆ ರಾಜಿ ಆಯಿತು. ಎದೆ, ಕೈ ಬಿಗಿಯಾಗಿ, ಸೊಂಟದಿಂದ ಕೆಳಗೆ ಸಡಿಲವಾಗಿ.

ಮೊನ್ನೆ ಆಗಸ್ಟಿನಲ್ಲಿ ಅಳೆದಾಗ ಬಲಗಡೆ 13. ಎಡಗಡೆ 15. ಕೋಲು ಅಟ್ಟದ ಮೇಲಿದೆ. ಪರೀಕ್ಷೆ ಸೂಪರ್‌ವಿಷನ್ ಇದ್ದ ದಿನ ಸಂಜೆ ಸ್ವಲ್ಪ ವಾಲುತ್ತೇನೆ. ಚಿಟ್ಟೆ ಹಾಗೆ ಕೂರುವುದಿಲ್ಲ.

ಗೌರಿ ಹಬ್ಬಕ್ಕೆ ಅರಸೀಕೆರೆಗೆ ಹೋಗಿದ್ದೆ. ಬೆಳಗ್ಗೆ ಆರಕ್ಕೆ ಬಾಗಿಲು ಬಡಿದ ಸದ್ದು. ಎದುರುಮನೆಯ ಅಜ್ಜಿ, ಸೊಂಟ ಹಿಡಿದುಕೊಂಡು ಬಗ್ಗಿ ನಿಂತಿದ್ದರು. ನಾನು ಬಂದಿರುವ ವಿಷಯ ಗೊತ್ತಾಗಿದೆ. "ಇದೆಲ್ಲ ಸುಳ್ಳು ಅಜ್ಜಿ, ನನ್ನ ಸೊಂಟನೇ ಮೂರು ಸ್ಕ್ರೂ ಹಾಕಿ ನಿಲ್ಸಿದಾರೆ, ಡಾಕ್ಟರ ಹತ್ರ ಹೋಗೋಣ ಬನ್ನಿ" ಅಂದೆ. "ಹೋಗೋಣ ಕಣವ್ವ, ಮೊದ್ಲು ನೀನೊಂದು ಒದ್ಬುಡು" ಅಂತ ಜಗಲಿ ಮೇಲೆ ಬೋರಲು ಮಲಗಿಯೇಬಿಟ್ಟರು. ಅಮ್ಮ ಒಳಗಿಂದ ನಗುತ್ತಿದ್ದರು.

ಎಡಗಾಲು ಎತ್ತಿದೆ. ಒಂದು. ಎರಡು. ಮಗಳು ನನ್ನ ಹಿಂದೆ ಬಂದು ಕೂತು ಸೊಂಟವನ್ನೇ ನೋಡುತ್ತಿದ್ದಳು. ಮೂರು. "ಅಮ್ಮ, ಇಳೀಲಿಲ್ಲ" ಅಂದಳು. ಕಂಬ ಒಂದು ಮಾರು ದೂರದಲ್ಲಿತ್ತು.